ನಳದ ಸಣ್ಣ ಧಾರೆ: ಟ್ಯಾಂಕಿಯ ಈಚೆಗೊಂದು ತೊಂದರೆ, ಆಚೆಗೊಂದು

ಮೇಲಿನ ಮನೆಯ ಅಡುಗೆಮನೆ ನಳದಲ್ಲಿ ಒಂದು ಬಕೆಟ್ ತುಂಬಲು ನಾಲ್ಕು ನಿಮಿಷಕ್ಕೂ ಹೆಚ್ಚು ಹಿಡಿಯುತ್ತಿತ್ತು. ಬಚ್ಚಲಿನ ಗ್ಯಾಸ್ ಗೀಸರ್ ನೀರಿನ ಫೋರ್ಸ್ ಸಾಲದೆ ಹೊತ್ತಿಕೊಳ್ಳುವುದನ್ನೇ ಬಿಟ್ಟಿತ್ತು. ಅತ್ತ ಮೋಟಾರು ಹಚ್ಚಿದರೆ ಟ್ಯಾಂಕಿ ತುಂಬಲು ಮೂರು ತಾಸು. ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: "ಬೋರ್ ಬತ್ತೈತ್ರಿ, ಹೊಸಾದು ಹೊಡಸ್ರಿ." ಮಾವ ಆಗಲೇ ಬೋರ್ ಲಾರಿಯವರ ದರ ಕೇಳಿಕೊಂಡು ಬಂದಿದ್ದರು. 600 ಅಡಿ ಅಂದರೆ ಲಕ್ಷ ದಾಟುವ ಮಾತು. ನಮ್ಮ ಊರು ವಿಜಯಪುರದ ಕರಿಕಲ್ಲಿನಲ್ಲಿ ನೀರು ಇರುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ. ಆಳಕ್ಕೆ ಹೋದಷ್ಟೂ ನೀರು ಹೆಚ್ಚೆಂಬ ಖಾತ್ರಿ ಇಲ್ಲ. ಅದಕ್ಕೇ ಹೊಸ ಬೋರಿನ ಮಾತಿಗೆ ಮೊದಲು ಇರುವುದನ್ನು ಅಳೆದು ನೋಡೋಣ ಎಂದು ಹಟ ಹಿಡಿದೆ.

ನಮ್ಮ ಮನೆಯ ಕಟ್ಟು ಹೀಗಿದೆ. ಬೋರು 2009ರದು, ಆರೂವರೆ ಇಂಚಿನದು, 280 ಅಡಿ ಆಳ. 1 ಎಚ್‌ಪಿ ಸಿಂಗಲ್ ಫೇಸ್ ಸಬ್‌ಮರ್ಸಿಬಲ್ ಮೋಟಾರು 200 ಅಡಿಯಲ್ಲಿ ತೂಗಿದೆ. ಅದನ್ನು ಹೊತ್ತಿದ್ದು ಒಂದೂಕಾಲು ಇಂಚಿನ ಜಿಐ (ಸತು ಬಳಿದ ಕಬ್ಬಿಣದ) ಪೈಪು, 20 ಅಡಿಯ ಹತ್ತು ತುಂಡು. ಮಾಳಿಗೆಯ ಮೇಲೆ 4 ಅಡಿ ಎತ್ತರದ ಕಟ್ಟೆ, ಅದರ ಮೇಲೆ 1000 ಲೀಟರ್ ಟ್ಯಾಂಕಿ. ಅಲ್ಲಿಂದ ಒಂದು ಇಂಚಿನ ಜಿಐ ಪೈಪು ಇಳಿದು ಮೇಲಿನ ಮನೆಗೂ ಕೆಳಗಿನ ಮನೆಗೂ ಮುಕ್ಕಾಲು ಇಂಚಿನ ಕವಲು ಒಡೆಯುತ್ತದೆ. ಬೋರಿನ ನೀರು ಸವಳು. ಕುದಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವಂಥದ್ದು.

9 ಮಾರ್ಚ್ 2025, ರವಿವಾರ. ಬಕೆಟ್ ಮತ್ತು ಮೊಬೈಲಿನ ಗಡಿಯಾರ

ಮೊದಲ ಕೆಲಸಕ್ಕೆ ಬೇಕಾದದ್ದು ಒಂದು 15 ಲೀಟರ್ ಬಕೆಟ್ ಅಷ್ಟೇ. ಬಕೆಟ್ ಮೇಲೆ ಬರೆದ ಅಂಕಿಯನ್ನು ನಂಬದೆ ಒಂದು ಲೀಟರ್ ಬಾಟಲಿಯಿಂದ ಅಳೆದು 15ಕ್ಕೆ ಮಾರ್ಕರ್‌ನಿಂದ ಗೆರೆ ಎಳೆದೆ. ಟ್ಯಾಂಕಿ ಪೂರ್ತಿ ತುಂಬಿದ್ದಾಗ, ಬೇರೆ ನಳ ಎಲ್ಲ ಬಂದ್ ಮಾಡಿ ನೋಡಿದ್ದು:

ಮೇಲಿನ ಅಡುಗೆಮನೆ: 4 ನಿಮಿಷ 50 ಸೆಕೆಂಡ್
ಮೇಲಿನ ಬಚ್ಚಲು: 4 ನಿಮಿಷ 10 ಸೆಕೆಂಡ್
ಕೆಳಗಿನ ಹಿತ್ತಲ ನಳ: 2 ನಿಮಿಷ 50 ಸೆಕೆಂಡ್
ಬೋರಿನ ಬಾಯಿಯಲ್ಲಿ ಯೂನಿಯನ್ (ಪೈಪು ಬಿಚ್ಚಿ ಕೂಡಿಸುವ ಜೋಡಣೆ) ಬಿಚ್ಚಿ, ಮೋಟಾರು ಹಚ್ಚಿ: 1 ನಿಮಿಷ 50 ಸೆಕೆಂಡ್

ಇಲ್ಲೇ ಒಂದು ವಿಷಯ ಸ್ಪಷ್ಟವಾಯಿತು. ಟ್ಯಾಂಕಿ ತುಂಬಿದ್ದಾಗಲೂ ನಳದಲ್ಲಿ ಧಾರೆ ಸಣ್ಣದು. ತುಂಬಿದ ಟ್ಯಾಂಕಿಯಿಂದ ನಳಕ್ಕೆ ನೀರು ಇಳಿಯುವುದಕ್ಕೂ ಬೋರಿಗೂ ಸಂಬಂಧ ಇಲ್ಲ, ಅದು ಬರೀ ಎತ್ತರದ ಮತ್ತು ಪೈಪಿನ ಕೆಲಸ. ಹಾಗೆಯೇ ಬೋರಿನ ಬಾಯಿಯಲ್ಲೇ ನೀರು ಕಡಿಮೆ ಬೀಳುತ್ತಿದೆ ಎಂದರೆ ಅದಕ್ಕೂ ಮನೆಯ ಪೈಪಿಗೂ ಸಂಬಂಧ ಇಲ್ಲ. ಎರಡು ಬೇರೆ ಬೇರೆ ರೋಗ ಒಂದೇ ಸಲ ಬಂದಿದ್ದರಿಂದ ಎಲ್ಲರಿಗೂ ಒಂದೇ ಕಾರಣ ಕಂಡಿತ್ತು. ಹೊಸ ಬೋರ್ ಹೊಡೆಸಿ ಎಷ್ಟೇ ನೀರು ಸಿಕ್ಕಿದ್ದರೂ ಮೇಲಿನ ಬಚ್ಚಲಿನ ಗೀಸರ್ ಹೊತ್ತುತ್ತಿರಲಿಲ್ಲ.

ಅದೇ ದಿನ ನಳಗಳ ಬಾಯಿಯ ಜಾಳಿಗೆ ಬಿಚ್ಚಿದೆ. ಅಡುಗೆಮನೆಯದು ಬಿಳಿ ಸುಣ್ಣದಿಂದ ಅರ್ಧ ಮುಚ್ಚಿತ್ತು. ಒಂದು ಬಟ್ಟಲು ವಿನೆಗರ್‌ನಲ್ಲಿ ರಾತ್ರಿಯಿಡೀ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದರೆ ಹೊಸದರಂತಾಯಿತು. ಗೀಸರ್‌ನ ಒಳಬಾಯಿಯಲ್ಲಿಯೂ ಒಂದು ಸಣ್ಣ ಜಾಳಿಗೆ ಇರುತ್ತದೆ, ಅದನ್ನು ಬಹಳ ಜನ ಮರೆಯುತ್ತಾರೆ. ಇಷ್ಟರಿಂದ ಅಡುಗೆಮನೆಯ 4:50 ಇಳಿದು 4:15ಕ್ಕೆ ಬಂತು, ಅಂದರೆ ಬಚ್ಚಲಿನ ಸಮಕ್ಕೆ. ಇನ್ನುಳಿದ ಅಡ್ಡಿ ಪೈಪಿನಲ್ಲಿಯೇ ಇರಬೇಕು.

16 ಮಾರ್ಚ್. ಗೌಂಡಿಯ ಲೆವೆಲ್ ಪೈಪು

ಒತ್ತಡ ಅಳೆಯುವ ಗೇಜ್ ತರುವ ಮೊದಲು ಗೌಂಡಿಗಳು ಮಟ್ಟ ನೋಡಲು ಹಿಡಿಯುವ ಪಾರದರ್ಶಕ ಲೆವೆಲ್ ಪೈಪನ್ನು ಕೇಳಿ ತಂದೆ. ಸುಮಾರು 50 ಅಡಿ ಉದ್ದ. ಒಂದು ತುದಿಯನ್ನು ಮೇಲಿನ ಮನೆಯ ಪಾತ್ರೆ ತೊಳೆಯುವ ಜಾಗದ ನಳಕ್ಕೆ ಕ್ಲಿಪ್ ಹಾಕಿ ಬಿಗಿದು, ಇನ್ನೊಂದು ತುದಿಯನ್ನು ಮೆಟ್ಟಿಲ ಮೇಲಿಂದ ಮಾಳಿಗೆಗೆ ಒಯ್ದೆ. ಮಗ ಅದನ್ನು ಟ್ಯಾಂಕಿಯ ಪಕ್ಕ ಎತ್ತಿ ಹಿಡಿದು ನಿಂತ. ನಳ ತೆರೆದಾಗ ಪೈಪಿನೊಳಗೆ ನೀರು ಏರುತ್ತ ಏರುತ್ತ ಸರಿಯಾಗಿ ಟ್ಯಾಂಕಿಯೊಳಗಿನ ನೀರಿನ ಮಟ್ಟಕ್ಕೆ ಬಂದು ನಿಂತಿತು. ನೀರು ಹರಿಯದೆ ನಿಂತಾಗ ಒತ್ತಡ ಪೂರ್ತಿ ಇದೆ ಎಂದಾಯಿತು.

ಆಮೇಲೆ ಕೆಳಗೆ ಬಂದು ಬಚ್ಚಲಿನ ನಳ ತೆರೆದೆ. ಮಗ ಮೇಲಿಂದ ಕೂಗಿದ, "ಅವ್ವಾ, ನೀರ ಇಳೀತು, ಕಾಣವಲ್ದು!" ಲೆವೆಲ್ ಪೈಪಿನ ನೀರು ಕಟ್ಟೆ ದಾಟಿ, ಪ್ಯಾರಾಪೆಟ್ ದಾಟಿ ಕೆಳಗೆ ಹೋಗಿತ್ತು. ಎತ್ತರ ಸಾಲದಿದ್ದರೆ ನಿಂತಾಗಲೂ ಮಟ್ಟ ಕಡಿಮೆ ಇರಬೇಕಿತ್ತು. ನಿಂತಾಗ ಪೂರ್ತಿ, ಹರಿದಾಗ ದಿಢೀರ್ ಕುಸಿತ ಎಂದರೆ ದಾರಿಯಲ್ಲಿ ಎಲ್ಲೋ ಕಟ್ಟಿಕೊಂಡಿದೆ. ಟ್ಯಾಂಕಿಯ ಕಟ್ಟೆಯನ್ನು ಇನ್ನೂ ಆರು ಅಡಿ ಎತ್ತರಿಸಬೇಕೆಂದು ಒಬ್ಬರು ಸಲಹೆ ಕೊಟ್ಟಿದ್ದರು, ಕಬ್ಬಿಣದ ಸ್ಟ್ಯಾಂಡ್‌ಗೆ ದರವೂ ಬಂದಿತ್ತು. ಪುಕ್ಕಟೆಯ ಈ ಒಂದು ಪರೀಕ್ಷೆ ಆ ಖರ್ಚನ್ನು ತಪ್ಪಿಸಿತು.

ಎಲ್ಲಿ ಕಟ್ಟಿದೆ? ಟ್ಯಾಂಕಿಯಿಂದ ಹೊರಟ ಕೂಡಲೇ ಒಂದು ಪಿತ್ತಳೆಯ ಗೇಟ್ ವಾಲ್ವ್, ಅದರ ನಂತರ ಯೂನಿಯನ್. ಯೂನಿಯನ್ ಬಿಚ್ಚಿ, ವಾಲ್ವ್ ಪೂರ್ತಿ ತೆರೆದು ಬಕೆಟ್ ಹಿಡಿದರೆ 1 ನಿಮಿಷ 5 ಸೆಕೆಂಡ್. ತುಂಬಿದ ಟ್ಯಾಂಕಿಯ ತಳದಿಂದ ಒಂದು ಇಂಚಿನ ತೂತಿನಲ್ಲಿ ನೀರು ಸುರಿದರೆ 15 ಲೀಟರಿಗೆ ಒಂದು ನಿಮಿಷ ಬೇಕಿಲ್ಲ. ವಾಲ್ವಿನ ಹಿಡಿ ತಿರುಗಿಸಿದರೆ ತಿರುಗುತ್ತಲೇ ಇತ್ತು, ಕೊನೆ ಮುಟ್ಟುತ್ತಿರಲಿಲ್ಲ.

ಟ್ಯಾಂಕಿ ಖಾಲಿ ಮಾಡಿ ಪ್ಲಂಬರ್ ವಾಲ್ವನ್ನು ಬಿಚ್ಚಿಕೊಟ್ಟ. ಒಳಗೆ ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತಿತ್ತು. ಮೇಲೆ ಕೆಳಗೆ ಆಡಬೇಕಾದ ಗೇಟ್, ಅಂದರೆ ನಾಲ್ಕಾಣೆ ದಪ್ಪದ ಪಿತ್ತಳೆಯ ಬಿಲ್ಲೆ, ಕಡ್ಡಿಯ ತುದಿಯಿಂದ ಕಳಚಿಕೊಂಡು ದಾರಿಯ ಅಡ್ಡ ಓರೆಯಾಗಿ ಕೂತಿತ್ತು. ಕಡ್ಡಿಯ ತುದಿಯ ಗಂಟು ಸವೆದು ಚೂಪಾಗಿತ್ತು. ಬಿಲ್ಲೆಯ ಸುತ್ತ ಹಳದಿ ಬೆರೆತ ಬಿಳಿ ಸುಣ್ಣ ಎಷ್ಟು ಗಟ್ಟಿಯಾಗಿ ಹತ್ತಿತ್ತೆಂದರೆ ಸ್ಕ್ರೂಡ್ರೈವರ್‌ನಿಂದ ಕೆತ್ತಿದರೂ ಚಕ್ಕೆ ಏಳಲಿಲ್ಲ. ಹಿಡಿ ತಿರುಗಿಸಿ "ಪೂರಾ ತೆರೆದಿದೆ" ಎಂದುಕೊಂಡವರಿಗೆ ಒಳಗಿನದು ಗೊತ್ತಾಗುವ ದಾರಿಯೇ ಇಲ್ಲ.

ಅದನ್ನು ತೆಗೆದು ಪೂರ್ತಿ ಬಾಯಿಯ ಒಂದು ಇಂಚಿನ ಬಾಲ್ ವಾಲ್ವ್ ಹಾಕಿಸಿದೆ, ₹720. ಬಾಲ್ ವಾಲ್ವ್‌ನ ಹಿಡಿ ಪೈಪಿನ ಸಾಲಿಗೆ ಇದ್ದರೆ ತೆರೆದಿದೆ, ಅಡ್ಡ ಇದ್ದರೆ ಬಂದ್. ಸವಳು ನೀರಿನ ಮನೆಗೆ ಇದೇ ಸರಿ, ಆದರೆ ತಿಂಗಳಿಗೊಮ್ಮೆ ಹಿಡಿಯನ್ನು ಆಡಿಸಬೇಕು, ಇಲ್ಲದಿದ್ದರೆ ಅದೂ ಸುಣ್ಣ ಹಿಡಿದು ಬಿಗಿಯುತ್ತದೆ. ಯೂನಿಯನ್ ಹತ್ತಿರ ಈಗ 17 ಸೆಕೆಂಡ್. ಮೇಲಿನ ಬಚ್ಚಲು 2 ನಿಮಿಷ 55 ಸೆಕೆಂಡ್‌ಗೆ ಬಂತು. ಗೀಸರ್ ಇನ್ನೂ ಹೊತ್ತಲಿಲ್ಲ.

23 ಮಾರ್ಚ್. ಸುತ್ತಿಗೆ ಕೆಲಸ ಮಾಡಲಿಲ್ಲ

ಉಳಿದದ್ದು ಇಳಿಯುವ ಜಿಐ ಪೈಪು. ಪೈಪು ಬದಲಿಸದೆ ಬಿಡಿಸಬಹುದೇ ಎಂದು ಪ್ಲಂಬರ್‌ನ ಮಾತಿನಂತೆ ಮೊದಲು ಒಂದು ಪ್ರಯತ್ನ ಮಾಡಿದೆವು: ಕೆಳಗಿನ ತುದಿ ಬಿಚ್ಚಿ, ನೀರು ಬಿಟ್ಟು, ಪೈಪಿನ ಉದ್ದಕ್ಕೂ ಮರದ ತುಂಡಿಟ್ಟು ಸುತ್ತಿಗೆಯಿಂದ ತಟ್ಟುವುದು. ಕೆಂಪು ನೀರು ಬಂತು, ಚಕ್ಕೆಗಳು ಬಂದವು, ಹದಿನೈದು ನಿಮಿಷ ಎಲ್ಲ ಸರಿಹೋದಂತೆ ಕಂಡಿತು. ಸಂಜೆ ಮೇಲಿನ ಬಚ್ಚಲಿನ ನಳ ಪೂರ್ತಿ ನಿಂತಿತು. ಅರ್ಧ ಬಿಟ್ಟ ಚಕ್ಕೆಗಳು ಕವಲಿನ ಎಲ್ಬೋದಲ್ಲಿ, ಅಂದರೆ ಪೈಪು ತಿರುಗುವ ಜೋಡಣೆಯಲ್ಲಿ ಸಿಕ್ಕಿಕೊಂಡಿದ್ದವು, ಒಂದು ತುಂಡು ಮಿಕ್ಸರ್ ನಳದ ಒಳಗಿನ ಕಾರ್ಟ್ರಿಜ್‌ಗೂ ಹೋಗಿತ್ತು. ಹದಿನಾರು ವರ್ಷದ ಪೈಪಿಗೆ ಸುತ್ತಿಗೆ ಬೇಡ.

ಪೈಪಿನೊಳಗೆ ಆ್ಯಸಿಡ್ ಸುರಿಯುವ ಸಲಹೆಯೂ ಬಂತು. ಬಚ್ಚಲು ತೊಳೆಯುವ ಆ್ಯಸಿಡ್ ಸುಣ್ಣವನ್ನು ಕರಗಿಸುತ್ತದೆ ನಿಜ, ಆದರೆ ಜಿಐ ಪೈಪಿನ ಸತುವಿನ ಲೇಪವನ್ನೂ ತಿನ್ನುತ್ತದೆ, ಪೈಪು ಜೋಡಿಸುವ ತಿರುಪಿನ ನೂಲಿನ ಜಾಗದಲ್ಲಿ ತೂತು ಬೀಳಿಸುತ್ತದೆ. ಪೈಪು ಗೋಡೆಯೊಳಗೆ ಇದ್ದರೆ ಆ ತೂತು ಗೋಡೆ ಒದ್ದೆಯಾದ ಮೇಲೆಯೇ ತಿಳಿಯುವುದು. ಕಣ್ಣಿಗೆ, ಮೈಗೆ ಆಗುವ ಅಪಾಯ ಬೇರೆ. ಅದನ್ನು ಮಾಡಲು ಬಿಡಲಿಲ್ಲ.

ಪೈಪನ್ನು ಕತ್ತರಿಸಿ ತುಂಡೊಂದನ್ನು ಬೆಳಕಿಗೆ ಹಿಡಿದೆವು. ಒಂದು ಇಂಚಿನ ಪೈಪಿನ ಒಳಗೆ ನನ್ನ ಕಿರುಬೆರಳು ಹೋಗಲಿಲ್ಲ. ಹೊರಗಡೆ ತುಕ್ಕಿನ ಕೆಂಪು ಪದರ, ಅದರ ಮೇಲೆ ಬಿಳಿ, ಮತ್ತೆ ಕೆಂಪು, ಮತ್ತೆ ಬಿಳಿ. ಎಲ್ಬೋದ ತಿರುವಿನಲ್ಲಿ ತೂತು ಪೆನ್ಸಿಲಿನಷ್ಟು. ಪೈಪಿನ ಒಳಬಾಯಿ ಅರ್ಧಕ್ಕಿಳಿದರೆ ನೀರು ಅರ್ಧಕ್ಕೆ ನಿಲ್ಲುವುದಿಲ್ಲ, ಅದಕ್ಕಿಂತ ಬಹಳ ಕೆಳಗೆ ಹೋಗುತ್ತದೆ.

ಗೋಡೆಯ ಹೊರಗಡೆ ಕಾಣುವ ಇಳಿಪೈಪು ಮತ್ತು ಮೇಲಿನ ಮನೆಯ ಕವಲುಗಳನ್ನು ಸಿಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ ಪೈಪಿಗೆ ಬದಲಿಸಿದೆವು. ಇಳಿಪೈಪು ಒಂದು ಇಂಚಿನದೇ, ಕವಲು ಮುಕ್ಕಾಲು. ನಳದ ಹತ್ತಿರ ಮಾತ್ರ ಅರ್ಧ ಇಂಚು. ಸಾಧ್ಯವಿದ್ದ ಕಡೆ ಎಲ್ಬೋ ಕಡಿಮೆ ಮಾಡಿದೆವು. ಪೈಪು, ಫಿಟಿಂಗ್, ಸಾಲ್ವೆಂಟ್, ಕ್ಲಾಂಪ್ ಎಲ್ಲ ಸೇರಿ ₹6,350. ಪ್ಲಂಬರ್ ಕೂಲಿ, ವಾಲ್ವಿನ ಕೆಲಸವೂ ಸೇರಿ ₹3,500. ಬಿಸಿಲು ಬೀಳುವ ಕಡೆ ಸಿಪಿವಿಸಿಗೆ ಬಿಳಿ ಎಮಲ್ಶನ್ ಬಳಿದೆವು. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿಗೆ ಬರೀ ಪೈಪು ಬಿಟ್ಟರೆ ಕೆಲವೇ ವರ್ಷಗಳಲ್ಲಿ ಪೆಡಸಾಗುತ್ತದೆ.

ನೀರು ಬಿಟ್ಟಾಗ ಕೆಳಗೆ ಚೆನ್ನಾಗಿ ಬಂತು, ಮೇಲಿನ ಬಚ್ಚಲಲ್ಲಿ ಮಾತ್ರ ಗುಳುಗುಳು ಸದ್ದು ಮಾಡಿ ನಿಂತಿತು. ಹೊಸ ಪೈಪಿನಲ್ಲಿ ಕಟ್ಟಿಕೊಳ್ಳಲು ಏನೂ ಇಲ್ಲ. ಮಾಳಿಗೆಯ ಮೇಲೆ ನೋಡಿದರೆ ಪೈಪು ಪ್ಯಾರಾಪೆಟ್ ಹತ್ತಿರ ಒಂದು ಗೇಣು ಮೇಲೆದ್ದು ಮತ್ತೆ ಇಳಿದಿತ್ತು. ಆ ಉಬ್ಬಿನಲ್ಲಿ ಗಾಳಿ ಕೂತು ನೀರನ್ನು ತಡೆದಿತ್ತು. ಪೈಪನ್ನು ಟ್ಯಾಂಕಿಯಿಂದ ಇಳಿಜಾರಾಗಿ ಬರುವಂತೆ ಕ್ಲಾಂಪ್ ಬದಲಿಸಿ, ಬಾಲ್ ವಾಲ್ವ್ ದಾಟಿದ ಕೂಡಲೇ ಟಿ ಹಾಕಿ, ಟ್ಯಾಂಕಿಯ ತಲೆಗಿಂತ ಒಂದಡಿ ಮೇಲೆ ಹೋಗುವ ಗಾಳಿಪೈಪು ನಿಲ್ಲಿಸಿದೆವು. ತುದಿ ಕೆಳಮುಖ ಬಾಗಿಸಿ ಜಾಳಿಗೆ ಕಟ್ಟಿದ್ದೇವೆ. ಇಳಿಪೈಪಿನ ತಳದಲ್ಲಿ ಕವಲಿಗಿಂತ ಕೆಳಗೆ ಒಂದಡಿ ಪೈಪು ಬಿಟ್ಟು ಕೊನೆಗೆ ಒಂದು ವಾಲ್ವ್ ಹಾಕಿದ್ದೇವೆ, ಕೆಸರು ಅಲ್ಲಿ ನಿಲ್ಲಲಿ, ಆಗಾಗ ತೆರೆದು ಬಿಡೋಣ ಎಂದು.

ಈ ಊರಿನಲ್ಲಿ ಇದು ಹೊಸ ಯೋಚನೆಯಲ್ಲ. 1651ರಲ್ಲಿ ಮೊಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ಕಟ್ಟಿದ ಬೇಗಂ ತಲಾಬದಿಂದ ಮಣ್ಣಿನ ಕೊಳವೆಗಳಲ್ಲಿ ಊರೊಳಗೆ ನೀರು ಬರುತ್ತಿತ್ತು. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಕಲ್ಲಿನ ನೀರುಗೋಪುರ ಕಟ್ಟಿ ಕೊಳವೆಯೊಳಗಿನ ಒತ್ತಡ ತಗ್ಗಿಸುತ್ತಿದ್ದರು, ಹೊಲಸು ತಳದಲ್ಲಿ ನಿಲ್ಲುವಂತೆ ಮಾಡುತ್ತಿದ್ದರು. ಅವುಗಳಲ್ಲಿ ಕೆಲವು ಇಂದಿಗೂ ನಿಂತಿವೆ. ಅವುಗಳ ಪಕ್ಕದಲ್ಲೇ ಓಡಾಡುವ ನಾವು ಮನೆ ಕಟ್ಟುವಾಗ ಗಾಳಿಗೂ ಕೆಸರಿಗೂ ದಾರಿ ಬಿಡದೆ ಪೈಪು ಎಳೆಯುತ್ತೇವೆ. ನನಗಂತೂ ಇದು ಬೇಸರದ ವಿಷಯ.

ಮೇಲಿನ ಬಚ್ಚಲು: 1 ನಿಮಿಷ 10 ಸೆಕೆಂಡ್. ಗೀಸರ್ ಹೊತ್ತಿತು. ಹಿತ್ತಲ ನಳ 50 ಸೆಕೆಂಡ್. ಟ್ಯಾಂಕಿಯ ಈಚೆಯ ಕೆಲಸ ಇಲ್ಲಿಗೆ ಮುಗಿಯಿತು. ಟ್ಯಾಂಕಿ ತುಂಬಲು ಮಾತ್ರ ಅದೇ ಮೂರು ತಾಸು.

ಯುಗಾದಿಯ ನಂತರ, 5 ಏಪ್ರಿಲ್. ಕರೆಂಟಿನ ಕಡೆ

ಬೋರಿನ ಕಡೆ ನಾನು ನೋಡಿದ ಮೊದಲ ಸಂಗತಿ ಧಾರೆಯ ರೀತಿ. ಬೋರಿನಲ್ಲಿ ನೀರು ಮುಗಿಯುತ್ತಿದ್ದರೆ ಮೋಟಾರು ಸ್ವಲ್ಪ ಹೊತ್ತು ಚೆನ್ನಾಗಿ ಎಸೆದು, ಆಮೇಲೆ ಗಾಳಿ ಬೆರೆತು ಕೆಮ್ಮುತ್ತ ಬರುತ್ತದೆ. ನಮ್ಮದು ಹಾಗಿರಲಿಲ್ಲ. ಮೊದಲ ನಿಮಿಷದಿಂದ ಕೊನೆಯವರೆಗೆ ಸಣ್ಣದೇ, ಆದರೆ ಒಂದೇ ಸಮನೆ. ಮಾವನಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ನೀರ ಐತಿ, ಮ್ಯಾಲ ಬರವಲ್ದು" ಅಂದರು. ಅಲ್ಲಿಂದ ಹೊಸ ಬೋರಿನ ಮಾತು ನಿಂತಿತು.

ಕ್ಲ್ಯಾಂಪ್ ಮೀಟರ್ ಇರುವ ಪರಿಚಯದ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ನೋಡಿದ್ದು: ಮೋಟಾರು ಓಡುವಾಗ ಪ್ಯಾನಲ್‌ನಲ್ಲಿ ಸಂಜೆ 7ಕ್ಕೆ 186 ವೋಲ್ಟ್, ಬೆಳಗಿನ 5ಕ್ಕೆ 224. ಆ್ಯಂಪಿಯರ್ 8.9. ಮೋಟಾರಿನ ತಗಡಿನ ಮೇಲೆ ಬರೆದದ್ದು 7.8. ಎಂಸಿಬಿ (ಕರೆಂಟ್ ಬಂದ್ ಮಾಡುವ ಸ್ವಿಚ್) ಇಳಿಸಿ, ಕೆಪಾಸಿಟರ್ ಡಿಸ್ಚಾರ್ಜ್ ಮಾಡಿ, ಬಿಚ್ಚಿ ಅಳೆದರೆ 36 ಮೈಕ್ರೋಫ್ಯಾರಡ್ ಇರಬೇಕಾದ ರನ್ನಿಂಗ್ ಕೆಪಾಸಿಟರ್ 23 ತೋರಿಸಿತು. ಹೊಸದು ₹280. ಈಗ 7.6 ಆ್ಯಂಪಿಯರ್, ಮೋಟಾರಿನ ಗುಂಯ್ ಸದ್ದೂ ತಗ್ಗಿತು. ನೀರು? ಬೋರಿನ ಬಾಯಿಯಲ್ಲಿ 1:50 ಇದ್ದದ್ದು 1:42. ಮೋಟಾರಿನ ಆಯುಷ್ಯಕ್ಕೆ ಒಳ್ಳೆಯದಾಯಿತು, ನೀರಿನ ಕೊರತೆಗೆ ಕಾರಣ ಇದಲ್ಲ. ಬೆಳಗಿನ ಒಳ್ಳೆಯ ವೋಲ್ಟೇಜಿನಲ್ಲಿ ಹಚ್ಚಿದಾಗಲೂ ಧಾರೆ ಅಷ್ಟೇ.

6 ಏಪ್ರಿಲ್. ಬೋರಿನೊಳಗೆ ಇಣುಕಿದ್ದು

ನೀರಿನ ಮಟ್ಟ ಅಳೆಯಲು ಎರಡು ಎಳೆಯ ವಾಯರ್ ತೆಗೆದುಕೊಂಡು, ಪ್ರತಿ 5 ಅಡಿಗೆ ಟೇಪ್ ಸುತ್ತಿ ಗುರುತು ಮಾಡಿ, ತುದಿಯ ತಾಮ್ರ ಎರಡೂ ಒಂದಕ್ಕೊಂದು ತಾಗದಂತೆ ಬಿಟ್ಟು, ಒಂದು ನುಣುಪಾದ ಬೋಲ್ಟ್ ಭಾರ ಕಟ್ಟಿದೆ. ಮೇಲಿನ ತುದಿ ಮಲ್ಟಿಮೀಟರ್‌ಗೆ. ತುದಿ ನೀರು ಮುಟ್ಟಿದ ಕೂಡಲೇ ಮೀಟರಿನ ಓಮ್ ಅಂಕಿ ಒಮ್ಮೆಲೇ ಇಳಿಯುತ್ತದೆ. ಈ ಕೆಲಸಕ್ಕೆ ಮಲ್ಟಿಮೀಟರ್ ಒಳಗಿನ ಬ್ಯಾಟರಿಯ ಕರೆಂಟ್ ಮಾತ್ರ, ಮನೆಯ ಕರೆಂಟ್ ಬಲ್ಬ್ ಕಟ್ಟಿ ನೋಡುವ ಸಾಹಸ ಬೇಡವೇ ಬೇಡ. ಮೋಟಾರಿನ ಎಂಸಿಬಿಯೂ ಇಳಿಸಿರಬೇಕು.

ಮೋಟಾರು ನಿಲ್ಲಿಸಿದ ಕೂಡಲೇ ಇಳಿಬಿಟ್ಟೆ. 80 ಅಡಿ ದಾಟುತ್ತಿದ್ದಂತೆ ಅಂಕಿ ಇಳಿಯಿತು, ಮತ್ತೆ ಏರಿತು, ಮತ್ತೆ ಇಳಿಯಿತು. ನೀರಿನ ಮಟ್ಟ ಹಾಗೆ ಕುಣಿಯುವುದಿಲ್ಲ. ವಾಯರನ್ನು ಎತ್ತಿ ನೋಡಿದರೆ 80ರಿಂದ ಕೆಳಗಿನ ಭಾಗ ಪೂರ್ತಿ ತೊಯ್ದಿತ್ತು, ಮೇಲಿನದು ಒಣಗಿತ್ತು. ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಮತ್ತೆ ಅಳೆದಾಗ ಸರಿಯಾದ ಮಟ್ಟ 118 ಅಡಿ ಎಂದು ಸಿಕ್ಕಿತು. ಒಂದು ತಾಸು ಮೋಟಾರು ಓಡಿಸಿ ನಿಲ್ಲಿಸಿದ ಮೇಲೆ 131. ಮೋಟಾರು 200ರಲ್ಲಿದೆ. ಅದರ ತಲೆಯ ಮೇಲೆ ಸುಮಾರು 70 ಅಡಿ ನೀರು. ಬೋರು ಬತ್ತಿಲ್ಲ.

ಆಮೇಲೆ ಗೇಜ್. 0ಯಿಂದ 10 ಕೆಜಿವರೆಗಿನದು (ಒಂದು ಚದರ ಸೆಂಟಿಮೀಟರಿನ ಮೇಲಿನ ಒತ್ತಡವನ್ನು ಕೆಜಿಯಲ್ಲಿ ತೋರಿಸುವಂಥದ್ದು) ₹450, ಟಿ ಮತ್ತು ಬುಶ್ ₹210. ಬೋರಿನ ಬಾಯಿಯ ವಾಲ್ವಿಗೂ ಮೊದಲು ಕೂಡಿಸಿ, ಮೋಟಾರು ಹಚ್ಚಿ, ವಾಲ್ವನ್ನು ಕೆಲವೇ ಸೆಕೆಂಡ್ ಪೂರ್ತಿ ಬಂದ್ ಮಾಡಿದೆ. ಹೆಚ್ಚು ಹೊತ್ತು ಬಂದ್ ಇಟ್ಟರೆ ಮೋಟಾರು ಕಾದು ಬಿಸಿಯಾಗುತ್ತದೆ, ಪೈಪಿನ ಮೇಲೂ ಭಾರ. ಮೋಟಾರಿನ ತಗಡಿನ ಪ್ರಕಾರ ಗರಿಷ್ಠ ಎತ್ತರ 95 ಮೀಟರ್. ನೀರು 36 ಮೀಟರ್ ಕೆಳಗಿದೆ. 10 ಮೀಟರಿಗೆ ಸುಮಾರು 1 ಕೆಜಿ ಲೆಕ್ಕ ಹಿಡಿದರೆ ಗೇಜ್ 5.9ರ ಆಸುಪಾಸು ತೋರಿಸಬೇಕು. ತೋರಿಸಿದ್ದು 2.1. ಮೋಟಾರು ನಿಲ್ಲಿಸಿದ ಕ್ಷಣಕ್ಕೆ ಮುಳ್ಳು ಸೊನ್ನೆಗೆ ಬಿತ್ತು.

ಮಧ್ಯಾಹ್ನ ಬೋರಿನ ಬಾಯಿಗೆ ಕಿವಿಯಿಟ್ಟರೆ ಮೋಟಾರು ಓಡುವಾಗ ಒಳಗೆ ನೀರು ಬೀಳುವ ಸದ್ದು, ನಿಲ್ಲಿಸಿದರೆ ಸ್ವಲ್ಪ ಹೊತ್ತಿಗೆ ಮೌನ. ಕ್ಯಾಪ್ ಸರಿಸಿ, ಕನ್ನಡಿಯಿಂದ ಬಿಸಿಲನ್ನು ಒಳಕ್ಕೆ ತಿರುಗಿಸಿದೆ. ಹಳ್ಳಿಯಲ್ಲಿ ಹಿರಿಯರು ಬಾವಿಗೆ ಬಿದ್ದ ಕೊಡ ಹುಡುಕಲು ಮಾಡುತ್ತಿದ್ದದ್ದೇ ಇದು. ಬೆಳಕಿನ ವೃತ್ತ ಪೈಪಿನ ಗುಂಟ ಇಳಿಯುತ್ತ ಹೋಗಿ ಒಂದು ಕಡೆ ಥಳಥಳ ಹೊಳೆಯಿತು. ಅಲ್ಲಿ ಪೈಪಿನ ಮಗ್ಗುಲಿಂದ ಬೀಸಣಿಗೆಯ ಹಾಗೆ ನೀರು ಸಿಡಿದು ಎದುರಿನ ಕಲ್ಲಿಗೆ ಹೊಡೆಯುತ್ತಿತ್ತು. ಮೋಟಾರು ಎತ್ತಿದ ನೀರಿನ ಬಹುಪಾಲು ಮೇಲೆ ಬರದೆ ಅಲ್ಲಿಂದಲೇ ಬೋರಿಗೆ ವಾಪಸ್. ಒಂದು ತಾಸು ಓಡಿಸಿದರೂ ಮಟ್ಟ ಹದಿಮೂರೇ ಅಡಿ ಇಳಿದದ್ದಕ್ಕೂ ಇದೇ ಕಾರಣ.

13 ಏಪ್ರಿಲ್. ಎತ್ತಿದ್ದು

ಮೋಟಾರು ಎತ್ತುವವರು ಮೂವರು ಬಂದರು. ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡ್, ಚೈನ್ ಪುಲ್ಲಿ, ಎರಡು ಜೋಡಿ ಕ್ಲಾಂಪ್, ದೊಡ್ಡ ಪೈಪ್ ರೆಂಚ್. ಎತ್ತಿ ಇಳಿಸಲು ₹4,500. ವಾಯರ್ ತೊಯ್ದದ್ದು 80 ಅಡಿಯಿಂದ, ಅಂದರೆ 20 ಅಡಿಯ ನಾಲ್ಕು ಪೈಪು ಮುಗಿಯುವಲ್ಲಿ. ಮುಖ್ಯ ಕೆಲಸಗಾರ ಕಾಕಾಗೆ ಮೊದಲೇ ಹೇಳಿದೆ, "ನಾಲ್ಕನೇ ಪೈಪ್ ಮುಗಿಯೋ ಜಾಗ ನೋಡ್ರಿ, ಅಲ್ಲಿ ತೂತ ಐತಿ." ಅವರು, "ನೋಡೂಣವಾ, ಮೊದಲ ಬರಲಿ" ಅಂದರು. ನಾಲ್ಕನೇ ಪೈಪಿನ ತಳ, ಕಪ್ಲಿಂಗ್‌ಗೆ ಸೇರುವ ನೂಲಿನ ಬುಡ. ಅರ್ಧ ಬೆರಳುದ್ದದ ಸೀಳು, ಅಂಚುಗಳು ನೀರು ಕೊರೆದು ಬ್ಲೇಡಿನಷ್ಟು ತೆಳುವಾಗಿದ್ದವು. ಅದಕ್ಕಿಂತ ಅಪಾಯದ್ದು ಪಕ್ಕದಲ್ಲಿತ್ತು. ಸಿಡಿದ ನೀರಿನಿಂದ ಕೇಬಲ್ ಅಲುಗಾಡಿ ಕಪ್ಲಿಂಗ್ ಅಂಚಿಗೆ ಉಜ್ಜಿ, ಹೊರಗಿನ ರಬ್ಬರ್ ಹೋಗಿ ಒಳಗಿನ ಕೆಂಪು ಎಳೆ ಕಾಣುತ್ತಿತ್ತು. ಇನ್ನೊಂದು ಬೇಸಿಗೆ ಬಿಟ್ಟಿದ್ದರೆ ಮೋಟಾರೇ ಸುಡುತ್ತಿತ್ತು.

ಮೋಟಾರು ಹೊರಬಂದಾಗ ಹೀರುವ ಜಾಳಿಗೆಯ ಮೇಲೆ ಸುಣ್ಣ ಕಟ್ಟಿತ್ತು. "ಪಂಪ್ ಸವದಿರ್ತೈತ್ರಿ, ಹೊಸಾದು ತಗೊಂಡಬಿಡ್ರಿ" ಎಂದು ಜೊತೆಗೆ ಬಂದ ಹುಡುಗ ಹೇಳಿದ. ಹಾಗೆ ಕೊಳ್ಳುವ ಮೊದಲು 200 ಲೀಟರ್ ಡ್ರಮ್ಮಿನಲ್ಲಿ ನೀರು ತುಂಬಿ, ಮೋಟಾರನ್ನು ಹಗ್ಗ ಕಟ್ಟಿ ನೆಟ್ಟಗೆ ನಿಲ್ಲಿಸಿ, ಅದೇ ಗೇಜ್ ಹಾಕಿ ವಾಲ್ವ್ ಬಂದ್ ಮಾಡಿ ನೋಡಿಸಿದೆ. 9.1 ಕೆಜಿ, ಅಂದರೆ 91 ಮೀಟರ್. ಇಷ್ಟು ವರ್ಷದ ಪಂಪಿಗೆ ಇದು ಬಹಳ ಒಳ್ಳೆಯ ಅಂಕಿ. ಕಾಕಾ ಗೇಜನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಮೋಟರ್ ಗಟ್ಟಿ ಐತಿ, ಇದನ್ನ ಇಳಸೂಣು" ಅಂದರು. ಜಾಳಿಗೆಯನ್ನು ಮಾತ್ರ ವಿನೆಗರ್ ಬಟ್ಟೆ ಸುತ್ತಿ, ಕೆರೆದು ಸ್ವಚ್ಛ ಮಾಡಿದೆವು.

ಒಂದೇ ಪೈಪ್ ಬದಲಿಸುವ ಮಾತಿತ್ತು. ಉಳಿದ ಒಂಬತ್ತರ ನೂಲುಗಳನ್ನೂ ತಂತಿ ಬ್ರಷ್‌ನಿಂದ ಉಜ್ಜಿ ನೋಡಿದರೆ ಇನ್ನೂ ಮೂರರಲ್ಲಿ ಗುಂಡಿ ಬಿದ್ದಿದ್ದವು. ಎಲ್ಲ ಜಿಐ ತೆಗೆದು 40 ಮಿಲಿಮೀಟರ್ ಎಚ್‌ಡಿಪಿಇ ಕಪ್ಪು ಪ್ಲಾಸ್ಟಿಕ್ ಪೈಪು ತಂದೆ. ಪಂಪು 9 ಕೆಜಿ ಮೀರಿ ತಳ್ಳುತ್ತದೆ, ಹೀಗಾಗಿ 10 ಕೆಜಿ ದರ್ಜೆಯದು ಬೇಡ ಎಂದು 12.5 ಕೆಜಿಯದು. 62 ಮೀಟರಿಗೆ ₹115ರಂತೆ ₹7,130. ನಡುವೆ ಜೋಡಣೆಯೇ ಇಲ್ಲ, ತುಕ್ಕು ಹಿಡಿಯುವುದಿಲ್ಲ, ಮುಂದೆ ಎತ್ತುವಾಗ ಪುಲ್ಲಿಯ ಭಾರವೂ ಇಲ್ಲ. ಎರಡು ತುದಿಗೆ ಅಡಾಪ್ಟರ್, ಡಬಲ್ ಕ್ಲಾಂಪ್, ಮೋಟಾರಿಗೆ ಬೇರೆ ಸುರಕ್ಷತಾ ಹಗ್ಗ ₹1,650. ಎನ್‌ಆರ್‌ವಿ (ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ವಾಲ್ವ್) ₹900. ಕೇಬಲ್ ಜೋಡಣೆಯ ಕಿಟ್ ₹350. ಈ ಪೈಪು ಬಳುಕುತ್ತದೆ. ಮೋಟಾರು ಹತ್ತುವಾಗಿನ ಜಗ್ಗಾಟಕ್ಕೆ ಕೇಬಲ್ ಉಜ್ಜದಂತೆ ಪ್ರತಿ 10 ಅಡಿಗೆ, ಸ್ವಲ್ಪ ಸಡಿಲ ಬಿಟ್ಟು ಕಟ್ಟಿಸಿದೆ.

ಒಂದು ಮಾತು ಇಲ್ಲಿಯೇ ಹೇಳಬೇಕು. ಪೈಪು ತರಲು ಹೋದಾಗ ಎರಡು ತಾಸು ಬೋರು ತೆರೆದಿತ್ತು. ಅದರ ಮೇಲೆ ಹಾಸುಗಲ್ಲು ಎಳೆದು, ಮಾವ ಕುರ್ಚಿ ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದರು. 2024ರ ಏಪ್ರಿಲ್‌ನಲ್ಲಿ ನಮ್ಮ ಜಿಲ್ಲೆಯ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಪುಟ್ಟ ಮಗುವೊಂದು ತೆರೆದ ಬೋರಿಗೆ ಬಿದ್ದು, ಸುಮಾರು 20 ತಾಸಿನ ಕೆಲಸದ ನಂತರ ಜೀವಂತ ಹೊರಬಂತು. ಎಲ್ಲ ಮಕ್ಕಳಿಗೂ ಆ ಅದೃಷ್ಟ ಸಿಕ್ಕಿಲ್ಲ. ಆರೂವರೆ ಇಂಚಿನ ಬಾಯಿಯನ್ನು ಚಹಾ ಕುಡಿಯುವಷ್ಟು ಹೊತ್ತು ಕೂಡ ತೆರೆದು ಬಿಡಬಾರದು.

ಇಳಿಸಿದ ಮೇಲೆ

ಮೊದಲ ಅರ್ಧ ತಾಸು ಕೆಂಪು ನೀರನ್ನು ಹಿತ್ತಲಿಗೆ ಬಿಟ್ಟೆವು. ಆಮೇಲಿನ ಅಳತೆ: ಬೋರಿನ ಬಾಯಿಯಲ್ಲಿ 15 ಲೀಟರಿಗೆ 36 ಸೆಕೆಂಡ್. ವಾಲ್ವ್ ಬಂದ್ ಮಾಡಿದಾಗ ಗೇಜ್ 5.5, ಮೋಟಾರು ನಿಂತ ಮೇಲೂ ಮುಳ್ಳು ಬೀಳಲಿಲ್ಲ. 7.7 ಆ್ಯಂಪಿಯರ್. ಒಂದು ತಾಸಿನ ನಂತರ ನೀರಿನ ಮಟ್ಟ 146 ಅಡಿ, ಮೋಟಾರಿನ ಮೇಲೆ ಇನ್ನೂ 54 ಅಡಿ ನೀರು. ಟ್ಯಾಂಕಿ 45 ನಿಮಿಷದಲ್ಲಿ ತುಂಬುತ್ತದೆ.

ಖರ್ಚು: ಮನೆಯ ಪೈಪಿನ ಕಡೆ ₹10,570, ಬೋರಿನ ಕಡೆ ₹15,470, ಒಟ್ಟು ₹26,040. ಬೋರಿನಿಂದ ತೆಗೆದ ಜಿಐ ಪೈಪು 174 ಕೆಜಿ ತೂಗಿತು, ಗುಜರಿಗೆ ಕೆಜಿಗೆ ₹30ರಂತೆ ₹5,220 ವಾಪಸ್ ಬಂತು. ಕೈಬಿಟ್ಟದ್ದು ₹20,820.

ಈ ಅಂಕಿಗಳನ್ನೆಲ್ಲ ಒಂದು ಕಾಗದದಲ್ಲಿ ಬರೆದು, ಪ್ಲಾಸ್ಟಿಕ್ ಹೊದಿಸಿ, ಮೋಟಾರ್ ಪ್ಯಾನಲ್‌ನ ಬಾಗಿಲಿನ ಒಳಮೈಗೆ ಅಂಟಿಸಿದ್ದೇನೆ. ಪೈಪು ಇಳಿಸಿದ ದಿನಾಂಕ, ಆಳ, ಪೈಪಿನ ದರ್ಜೆ, ಕೆಪಾಸಿಟರಿನ ಅಂಕಿ ಎಲ್ಲ ಅದರಲ್ಲಿವೆ. 2009ರಲ್ಲಿ ಯಾರಾದರೂ ಹೊಸ ಮೋಟಾರಿನ ಗೇಜ್ ಅಂಕಿ ಹೀಗೆ ಬರೆದಿಟ್ಟಿದ್ದರೆ ನಮಗೆ ಬಹಳ ಸುಲಭವಾಗುತ್ತಿತ್ತು.

ಬಾಕಿ ಉಳಿದದ್ದು ಕೆಳಗಿನ ಮನೆಯ ಬಚ್ಚಲು. ಅಲ್ಲಿನ ಜಿಐ ಪೈಪು ಟೈಲ್ಸ್ ಹಿಂದಿದೆ, ಬಕೆಟ್ ತುಂಬಲು 2 ನಿಮಿಷ 5 ಸೆಕೆಂಡ್ ಹಿಡಿಯುತ್ತದೆ. ಸದ್ಯ ಅತ್ತೆಗೆ ತೊಂದರೆ ಇಲ್ಲ. ಟೈಲ್ಸ್ ಒಡೆಯದೆ ಗೋಡೆಯ ಹೊರಗಡೆಯಿಂದ ಸಿಪಿವಿಸಿ ತಂದು, ನಳದ ಹಿಂದೆಯೇ ಗೋಡೆ ಕೊರೆದು ಒಳಗೆ ಕೊಡಬಹುದೆಂದು ಪ್ಲಂಬರ್ ಹೇಳಿದ್ದಾನೆ. ಗೋಡೆಯ ದಪ್ಪ 9 ಇಂಚು. ಮಳೆಗಾಲ ಮುಗಿದ ಮೇಲೆ ಅದನ್ನು ಕೈಗೆತ್ತಿಕೊಳ್ಳುತ್ತೇವೆ.